ಮಾವ ನನ್ನ ಸೈಟಿಗೆ ಗೊಬ್ಬರ ಹಾಕಿದ್ದು

ನಮ್ಮ ಸೋದರಮಾವನ ಪ್ರಕಾರ ಈ ದೇಶದ ಹೆದ್ದಾರಿಗಳನ್ನೆಲ್ಲ ಅಗಲ ಮಾಡಿದ್ದು ಕುರಿಗಳು ಸಲೀಸಾಗಿ ಓಡಾಡಲಿ ಎಂದು! ಮತ್ತೋಡಿನ ಕಡೆಯ ಈ ಮಹಾನುಭಾವ ಒಮ್ಮೆ ನೂರೈವತ್ತು ಕುರಿ ಹೊಡೆದುಕೊಂಡು ಟೋಲ್‌ಗೇಟಿಗೆ ಹೋಗಿ, ಲಾರಿಗಳ ಹಿಂದೆ ಸಾಲಿನಲ್ಲಿ ನಿಂತುಬಿಟ್ಟ.

"ಕುರಿಗೆ ಟೋಲ್ ಇಲ್ಲ, ಅತ್ಲಾಗೆ ಹೋಗ್ರೀ!" ಎಂದು ಗೇಟಿನವನು ಕೂಗಿಕೊಂಡ. ಮಾವನಿಗೆ ಅವಮಾನವಾಯಿತು.

"ಯಾಕಪ್ಪ, ನಾವೇನು ಕಳ್ಳದಾರೀಲಿ ಹೋಗೋರಾ? ಎತ್ತು ಗೇಟು!"

ಎತ್ತಿಸಿಯೇ ದಾಟಿದ. ಹಿಂದಿನ ಲಾರಿಗಳ ಹಾರನ್ನಿಗೆ ಕುರಿಗಳೂ ಸರಿಯಾಗಿ ಉತ್ತರ ಕೊಟ್ಟವಂತೆ.

ಕುರಿ ಸಾಕುವುದೆಂದರೆ ಬರೀ ಮೇಯಿಸುವುದಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಬೇಕು. ಹೊಲಕ್ಕೆ ಗೊಬ್ಬರ, ಕುರಿಯವನಿಗೆ ರಾಗಿ. ಮಾವನಿಗೆ ಖಾಯಮ್ಮಾಗಿದ್ದ ಹೊಲಗಳು ಒಂದೊಂದಾಗಿ ಕೈಬಿಟ್ಟುಹೋದವು. ಒಂದರಲ್ಲಿ ಗಾಳಿಯಂತ್ರ ಎದ್ದಿತು, ಇನ್ನೊಂದಕ್ಕೆ ಸೋಲಾರಿನವರು ತಂತಿಬೇಲಿ ಹಾಕಿದರು, ಮತ್ತೊಂದು ಡಾಬಾ ಆಯಿತು.

"ಬಬ್ಬೂರಿನ ಹತ್ರ ಗೌಡಮ್ಮನ ಹೊಲ ಐತಲ್ಲ ಅಳಿಯ, ಅದಿರೋಗಂಟ ನಾನು ಕುರಿ ಮಾರಲ್ಲ" ಎನ್ನುತ್ತಿದ್ದ.

ಹೋದ ವರ್ಷ ಅದೂ ಲೇಔಟ್ ಆಯಿತು. ಅದರಲ್ಲಿ ಸೈಟು ಕೊಂಡ ಪುಣ್ಯಾತ್ಮ ಯಾರು? ನಾನೇ! ಹೇಳಲು ಬಾಯಿ ಬರದೆ ತಿಂಗಳುಗಟ್ಟಲೆ ಮಾವನ ಫೋನ್ ಎತ್ತಲಿಲ್ಲ. ನನ್ನಂಥ ಪುಕ್ಕಲನನ್ನು ನೀವು ನೋಡಿರಲಾರಿರಿ.

ಮೊನ್ನೆ ಬೆಳಗ್ಗೆ ಲೇಔಟಿನ ವಾಚ್‌ಮನ್ ಫೋನ್ ಮಾಡಿದ: "ಸಾ, ನಿಮ್ ಸೈಟ್ ತುಂಬ ಕುರಿ ಅವೆ! ಬೇಗ ಬರ್ರಿ!"

ಚಿತ್ರದುರ್ಗದಿಂದ ಬೈಕಿನಲ್ಲಿ ಓಡಿದೆ. ನೋಡುತ್ತೇನೆ, ಅಷ್ಟು ದೊಡ್ಡ ಖಾಲಿ ಬಯಲನ್ನು ಬಿಟ್ಟು ಮೂವತ್ತು-ನಲವತ್ತರ ನನ್ನ ಸೈಟಿಗೆ ಮಾತ್ರ ಬಲೆ ಕಟ್ಟಿ, ಮಾವ ಇಡೀ ಮಂದೆಯನ್ನು ಅದರೊಳಗೆ ಒತ್ತಿ ತುಂಬಿದ್ದಾನೆ! ತಾನು ಕಂಬಳಿ ಹೊದ್ದು ಹೊರಗೆ ಕೂತಿದ್ದಾನೆ.

"ಮಾವ, ಇದು ಮನೆ ಕಟ್ಟೋ ಜಾಗ! ಗೊಬ್ಬರ ಯಾಕೆ?"

"ಗೊತ್ತು ಬಿಡಲೇ. ನೀನು ಇಲ್ಲಿ ಸೈಟು ತಗಂಡಿದ್ದು ಊರೋರೇ ಹೇಳಿದ್ರು. ವಾಚ್‌ಮನ್ನನ್ನ ಕೇಳಿ, ನಿನ್ನ ಸೈಟಿನ ನಂಬ್ರ ತಿಳ್ಕಂಡೇ ನಿಲ್ಸಿದ್ದು. ಹಿತ್ಲಾಗೆ ಒಂದು ಕರಿಬೇವಿನ ಗಿಡ ಹಾಕು, ಜೋರಾಗಿ ಬರ್ತೈತೆ."

ಬೈಯುತ್ತಾನೆಂದು ಕಾದೆ. ಬೈಯಲೇ ಇಲ್ಲ. ನಾನೇ ಕೇಳಿದೆ: "ಮುಂದಿನ ವರ್ಷ ಎಲ್ಲಿ ನಿಲ್ಲಿಸ್ತೀಯ?"

"ಎಲ್ಲಾನೂ ಸಂತೆಗೆ ಹೊಡಿತೀನಿ ಕಣೋ. ಕೊನೇ ಸಲ ನಿಲ್ಸೋದು ನಮ್ಮ ಹುಡುಗನ ನೆಲದಾಗೇ ಆಗ್ಲಿ ಅಂತ ಬಂದೆ."

ನನಗೆ ಅಳು ತಡೆಯಲಾಗಲಿಲ್ಲ. ವಾಚ್‌ಮನ್ ನೋಡುತ್ತಿದ್ದರೂ ಅತ್ತೆ.

"ಅತ್ತಿದ್ದು ಸಾಕು. ಆ ಕಡೆಯಿಂದ ಬಲೆ ಬಿಚ್ಚು, ಹೋಗಾಣ" ಎಂದು ಮಾವ ಎದ್ದ.

ನಾನು ಬಲೆಯ ಗಂಟು ಹಿಡಿದುಕೊಂಡೇ ನಿಂತೆ.

"ಇನ್ನೊಂದು ದಿನ ಇರ್ಲಿ, ಮಾವ."