ಆನೆ ಬಾಲಕ್ಕೆ ಕತ್ತಿ ಹಾಕಿದ ವಂಶ

ಅರಸನ ಕೈಗೆ ಸಿಗದೆ ಓಡಿಹೋದವರ ವಂಶದವನು ನಾನು ಎಂದು ಎದೆಯುಬ್ಬಿಸಿ ಹೇಳಿಕೊಳ್ಳುವ ಗುಮಾಸ್ತ ಪಾಂಡವಪುರದಲ್ಲಿ ನಾನೊಬ್ಬನೇ ಇರಬೇಕು. ಉಳಿದವರೆಲ್ಲ ದಂಡನಾಯಕರ, ದಿವಾನರ, ಕಡೇಪಕ್ಷ ಪಟೇಲರ ಮೊಮ್ಮಕ್ಕಳು. ನಾನೂ ಮೊದಲು ಹಾಗೆಯೇ ಇದ್ದೆ. ನೀರಾವರಿ ಕಚೇರಿಯಲ್ಲಿ ಕೆಲಸ ಮಾಡುವ ನನಗೆ ಕೆ.ಆರ್.ಎಸ್.ನಲ್ಲಿ ಇವತ್ತು ನೀರು ಎಷ್ಟಿದೆ, ಹಾಲಿನವಳು ಯಾಕೆ ತಡವಾಗಿ ಬಂದಳು, ಹಿತ್ತಿಲ ನುಗ್ಗೆಮರದಲ್ಲಿ ಯಾವ ಕೊಂಬೆಯ ಕಾಯಿ ಬಲಿತಿದೆ ಎಂಬುದೆಲ್ಲ ಗೊತ್ತಿರುತ್ತದೆ. ಮುತ್ತಜ್ಜನ ಅಪ್ಪ ಯಾರು ಎಂಬುದು ಮಾತ್ರ ಗೊತ್ತಿರಲಿಲ್ಲ. ಗೊತ್ತಿಲ್ಲದ ಜಾಗದಲ್ಲಿ ಒಬ್ಬ ಪಾಳೇಗಾರನನ್ನು ಕೂರಿಸಿಕೊಂಡು ಸುಖವಾಗಿದ್ದೆ.

ಅದಕ್ಕೆ ಕಾರಣ ನಮ್ಮ ಮನೆತನದ 'ನಿಂತೂಟ'. ಕಾರ್ತಿಕದ ಒಂದು ಸೋಮವಾರ ನಮ್ಮಲ್ಲಿ ಒಲೆ ಹಚ್ಚುವಂತಿಲ್ಲ. ನೆನೆಸಿದ ಅವಲಕ್ಕಿಗೆ ಬೆಲ್ಲ ಕಲಸಿಕೊಂಡು, ಹಿತ್ತಿಲಲ್ಲಿ ನಿಂತು, ಕಂಕುಳಲ್ಲಿ ಬಟ್ಟೆಗಂಟು ಇರುಕಿಕೊಂಡು, ತುಟಿಪಿಟಕ್ಕೆನ್ನದೆ ತಿನ್ನಬೇಕು. ಎಲ್ಲರಿಗಿಂತ ಕೊನೆಗೆ ಮುಗಿಸಿದವನನ್ನು ಉಳಿದವರು "ಸಿಕ್ಕಾಕ್ಕಂಡ! ಸಿಕ್ಕಾಕ್ಕಂಡ!" ಎಂದು ಕೂಗಿ, ಅವನ ಕೈಯಲ್ಲೇ ಪಾತ್ರೆಗಳನ್ನೆಲ್ಲ ಬೆಳಗಿಸಬೇಕು. ನನ್ನ ಹೆಂಡತಿ ಜಯಮ್ಮ ಮದುವೆಯಾಗಿ ಬಂದ ವರ್ಷ ಇದನ್ನು ನೋಡಿ, "ಇದೇನ್ರೀ, ನಿಮ್ಮೋರೆಲ್ಲ ಬಸ್ಸು ತಪ್ಪೋಯ್ತದೆ ಅಂತ ಉಣ್ತಾವ್ರಾ?" ಎಂದಿದ್ದಳು. "ಪಾಳೇಗಾರರು ಕಣೇ, ಯುದ್ಧಕ್ಕೆ ಹೊರಟೋರು ಕೂತು ಉಣ್ಣೋಕಾಗುತ್ತಾ?" ಎಂದು ಮೀಸೆ ತಿರುವಿದ್ದೆ. ಆ ವರ್ಷ ಪಾತ್ರೆ ಬೆಳಗಿದವನೂ ನಾನೇ. ಯಾವ ಊಟವನ್ನೂ ಅವಸರದಲ್ಲಿ ಮುಗಿಸಿದವನಲ್ಲ.

ನಮ್ಮ ಮಗಳು ಸವಿತಾಗೆ ನಾಗಮಂಗಲದಿಂದ ಸಂಬಂಧ ಬಂದಾಗ ಈ ವಂಶದ ಕೆದಕಾಟ ಶುರುವಾಯಿತು. ಹುಡುಗ ಹೈಸ್ಕೂಲು ಮೇಷ್ಟ್ರು, ಒಳ್ಳೆಯ ಮನೆ. ಮನೆದೇವರೂ ಬೇರೆಬೇರೆ: ನಮ್ಮದು ಬೆಟ್ಟದ ಮೇಲಿನ ಸ್ವಾಮಿ, ಅವರದು ಕೆರೆ ಏರಿಯ ಅಮ್ಮ. ಜಯಮ್ಮ ಆಗಲೇ ಮನಸ್ಸಿನಲ್ಲೇ ಚಪ್ಪರ ಹಾಕಿಸಿಬಿಟ್ಟಿದ್ದಳು. ಆದರೆ ಹುಡುಗನ ಅಜ್ಜಿ ಮೂಲ ವಿಚಾರಿಸುವುದರಲ್ಲಿ ಗಟ್ಟಿಗಿತ್ತಿಯಂತೆ. ಅವರೆದುರು ಪಾಳೇಗಾರನ ಹೆಸರು ಹೇಳಲಾಗದೆ ತಡವರಿಸಬಾರದೆಂದು ನಾನು ಕೆ.ಆರ್. ಪೇಟೆಯ ಬಸ್ಸು ಹತ್ತಿ ಬೂಕನಕೆರೆಗೆ, ಅಪ್ಪನ ಅಕ್ಕ ದೊಡ್ಡತ್ತೆಯ ಮನೆಗೆ ಹೋದೆ.

ದೊಡ್ಡತ್ತೆ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಪೀಠಿಕೆ ಹಾಕಿದ್ದೇ ತಡ, ಬೊಚ್ಚುಬಾಯಿ ತೆರೆದು ನಕ್ಕಳು.

"ಪಾಳೇಗಾರ್ರಾ? ಯಾವನ್ಲಾ ನಿಂಗೆ ಅಂಗಂದೋನು? ನಮ್ಮೋರು ಆನೆ ಬಾಲ ಕುಯ್ದು ಓಡ್ಬಂದೋರು ಕಣ್ಲಾ!"

ಕಥೆ ಇಷ್ಟೆ. ಹಿಂದೆ ಶ್ರೀರಂಗಪಟ್ಟಣದಲ್ಲಿ ಅರಸರ ಆನೆಗೆ ಸೊಪ್ಪು ಹಾಕುವ ಅಣ್ಣತಮ್ಮಂದಿರಿಬ್ಬರಿದ್ದರು. ಅವರ ತಂಗಿಯ ಮದುವೆ ಗೊತ್ತಾಯಿತು. ಬೀಗರು ಆನೆಬಾಲದ ಕೂದಲಿನ ಉಂಗುರವೇ ಬೇಕೆಂದು ಕೂತರು. ಒಂದು ಕೂದಲು ಕಿತ್ತಿದ್ದರೆ ಆಗುತ್ತಿತ್ತು. ನಮ್ಮವರು ಬೀಗರ ಕಡೆಯವರಿಗೆಲ್ಲ ಇರಲಿ ಎಂದು ಇಡೀ ಕುಚ್ಚನ್ನೇ ಕುಯ್ದರು. ಅರಸರ ಮೆರವಣಿಗೆಯ ದಿನ ಪಟ್ಟದಾನೆ ಬೋಳುಬಾಲ ಆಡಿಸಿಕೊಂಡು ಬಂತು. ಊರಿಗೂರೇ ಬಿದ್ದು ಬಿದ್ದು ನಕ್ಕಿತು. ಅರಸರಿಗೆ ಮಾತ್ರ ನಗು ಬರಲಿಲ್ಲ. ಕುಯ್ದವರ ಕೈ ಕಡಿಯಿರಿ ಎಂದು ಅಪ್ಪಣೆಯಾಯಿತು. ಅಣ್ಣತಮ್ಮಂದಿರು ತುಂಬಿದ ಕಾವೇರಿಯನ್ನು ಈಜಿ ಪರಾರಿಯಾದರು. ಹೊಗೆ ಕಂಡೀತೆಂದು ಒಲೆ ಹೂಡದೆ, ಗಂಟು ಕೆಳಗಿಡದೆ, ನಿಂತಲ್ಲೇ ಅವಲಕ್ಕಿ ಮುಕ್ಕಿದರು.

"ತಮ್ಮ ಇಲ್ಲಿಗ್ ಬಂದ. ಅಣ್ಣ ಬ್ಯಾರೆ ದಿಕ್ಕಿಗೆ ಓದ. ಗುರ್ತು ಸಿಗಬಾರ್ದು ಅಂತ ಇಬ್ರೂ ಮನೆದ್ಯಾವ್ರನ್ನೂ ಬದ್ಲಾಯಿಸ್ಕಂಡ್ರಂತೆ. ಆ ಅಣ್ಣ ಏನಾದ್ನೋ ಸಿವ್ನೇ ಬಲ್ಲ" ಎಂದು ದೊಡ್ಡತ್ತೆ ಮೊರದ ಸಿಪ್ಪೆ ಕೊಡವಿದಳು.

ಬಸ್ಸಿನಲ್ಲಿ ಅರ್ಧ ದಾರಿ ನನ್ನ ಪಾಳೇಗಾರನಿಗಾಗಿ ದುಃಖಪಟ್ಟೆ. ಉಳಿದರ್ಧ ದಾರಿಯಲ್ಲಿ ಹೆಮ್ಮೆ ಉಕ್ಕತೊಡಗಿತು. ಪಾಳೇಗಾರರು ಬೇಕಾದಷ್ಟು ಜನ ಇದ್ದರು. ತಂಗಿಯ ಮದುವೆಗೆಂದು ಪಟ್ಟದಾನೆಯ ಹಿಂದೆ ಕತ್ತಿ ಹಿಡಿದು ನಿಂತವರು ಎಷ್ಟು ಜನ? ಮುಂದಿನ ಭಾನುವಾರ ಬೇಕೆಂದೇ ಶ್ರೀರಂಗಪಟ್ಟಣಕ್ಕೆ ಹೋಗಿ ಹೊಳೆಯ ದಂಡೆಯಲ್ಲಿ ನಿಂತು, ಇದನ್ನು ಈಜಿದ ರಕ್ತ ನನ್ನದು ಎಂದುಕೊಂಡೆ. ಪಾದ ಮಾತ್ರ ನೆನೆಸಿದೆ. ನನಗೆ ಈಜು ಬರುವುದಿಲ್ಲ.

ಗಂಡಿನ ಕಡೆಯವರು ಬಂದರು. ಉಪ್ಪಿಟ್ಟು, ಕೇಸರಿಬಾತು ಎಲ್ಲ ಸಾಂಗವಾಗಿ ನಡೆಯಿತು. ಹುಡುಗನ ಅಜ್ಜಿಗೆ ಸವಿತಾ ಹಿಡಿಸಿದ್ದಳು. ಮೂಲದ ಮಾತೇ ಬರಲಿಲ್ಲ. ಕಾಫಿ ಮುಗಿಸಿ ಹೊರಡುವುದರಲ್ಲಿದ್ದರು. ಹೊಟ್ಟೆಯಲ್ಲಿಟ್ಟುಕೊಂಡು ಬಂದ ಆನೆ ನನ್ನನ್ನು ಸುಮ್ಮನೆ ಕೂರಲು ಬಿಟ್ಟೀತೆ? "ನಮ್ಮ ವಂಶ ಸಾಮಾನ್ಯದ್ದಲ್ಲ ಅಜ್ಜಿ" ಎಂದು ಶುರುಮಾಡಿದೆ. ಜಯಮ್ಮ ಅಡುಗೆಮನೆ ಬಾಗಿಲಿನಿಂದ ಕಣ್ಣು ಬಿಟ್ಟಳು. ನಾನು ಬಾಲ ಕುಯ್ದೆ, ಹೊಳೆ ಈಜಿದೆ, ಕಂಕುಳ ಗಂಟಿನೊಂದಿಗೆ ನಿಂತೂಟದವರೆಗೂ ಬಂದೆ.

ಅಜ್ಜಿ ಕಾಫಿ ಲೋಟ ಕೆಳಗಿಟ್ಟರು.

"ಕ್ವನೇಗೆ ಉಂಡೋನ್ಗೆ ಏನಂತೀರಪ್ಪ?"

"ಸಿಕ್ಕಾಕ್ಕಂಡ ಅಂತೀವಿ."

"ಅಯ್ಯೋ ಸಿವ್ನೇ! ನಮ್ಮಟ್ಟೀಲೂ ಅಂಗೇ ಅನ್ನದು! ನಾವೂ ನಿಂತ್ಕಂಡೇ ಉಣ್ಣದು! ನಮ್ಮ ಮಾವ್ನೋರು ಯೋಳ್ತಿದ್ರು, ನಮ್ಮ ವಂಸದ ಮೂಲ್ದೋನ್ಗೆ ಒಬ್ಬ ತಮ್ಮ ಇದ್ದ, ಒಳೇ ತಾವ ತಪ್ಪೋದ ಅಂತ." ಅವರು ನನ್ನ ಕೈ ಹಿಡಿದುಕೊಂಡರು. "ಅಣ್ತಮ್ಮದೀರಾಗೋದ್ರಲ್ಲಪ್ಪ ನಾವು! ಅಣ್ತಮ್ಮದೀರ ಮನೇಲಿ ಎಣ್ಣು ತರಾದುಂಟಾ?"

ಹುಡುಗ ತಟ್ಟೆ ನೋಡುತ್ತ ಕೂತ. ಮೊದಲು ಚೇತರಿಸಿಕೊಂಡವಳು ಸವಿತಾ. ತಲೆ ತಗ್ಗಿಸಿ ನಿಂತಿದ್ದವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಡುಗನ ಕಡೆ ತಿರುಗಿ, "ಅಣ್ಣ, ಇನ್ನೊಂಚೂರು ಉಪ್ಪಿಟ್ಟು ಹಾಕ್ಲಾ?" ಎಂದಳು. ಅಜ್ಜಿ ಕಣ್ಣೊರೆಸಿಕೊಂಡು ನಕ್ಕರು. ಹುಡುಗನೂ ನಕ್ಕ. ಜಯಮ್ಮ ಒಬ್ಬಳೇ ನಗಲಿಲ್ಲ. ಚಪ್ಪರದ ಗಳ ಒಂದೊಂದಾಗಿ ಕೀಳುತ್ತಿದ್ದಳೆಂದು ಕಾಣುತ್ತದೆ. ಆಮೇಲೆ ಎಷ್ಟೋ ದಿನ ನನ್ನ ತಟ್ಟೆಗೆ ಬಿದ್ದ ಮುದ್ದೆಯ ಸದ್ದೇ ಅವಳು ನನ್ನೊಂದಿಗೆ ಆಡಿದ ಮಾತು.

ಆ ಕಾರ್ತಿಕದಲ್ಲಿ ನಾಗಮಂಗಲದವರೆಲ್ಲ ನಮ್ಮ ಹಿತ್ತಿಲಿಗೇ ಬಂದರು. ಬೂಕನಕೆರೆಯಿಂದ ದೊಡ್ಡತ್ತೆಯೂ ಬಂದಳು. ಎಷ್ಟು ತಲೆಮಾರಿನ ಹಿಂದೆ ಹೊಳೆದಂಡೆಯಲ್ಲಿ ಬೇರೆಯಾದವರೋ, ನುಗ್ಗೆಮರದ ಕೆಳಗೆ ಗಂಟು ಇರುಕಿಕೊಂಡು ಒಟ್ಟಿಗೆ ನಿಂತು ಅವಲಕ್ಕಿ ತಿಂದೆವು. ಅವರನ್ನೆಲ್ಲ ಕಣ್ತುಂಬ ನೋಡುತ್ತ ನಿಂತಿದ್ದರಿಂದ ನನ್ನ ತಟ್ಟೆ ಖಾಲಿಯಾಗಲಿಲ್ಲ. "ಸಿಕ್ಕಾಕ್ಕಂಡ!" ಎಂದು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವಳು ಜಯಮ್ಮ.

ಪಾತ್ರೆಗಳ ರಾಶಿಯ ಮುಂದೆ ಕೂತು ಬೂದಿ ಹಾಕಿ ಉಜ್ಜುವಾಗಲೂ ನನ್ನ ಹೆಮ್ಮೆ ಇಳಿದಿರಲಿಲ್ಲ. ಅರಸರ ಕುದುರೆ ಸವಾರರು ಸೀಮೆಯೆಲ್ಲ ಜಾಲಾಡಿದರೂ ಆ ಅಣ್ಣತಮ್ಮಂದಿರು ಸಿಕ್ಕಿರಲಿಲ್ಲ. ಇಬ್ಬರನ್ನೂ ಹಿಡಿದುಕೊಟ್ಟವನು ನಾನು, ಅದೂ ಕೂತಲ್ಲಿಂದ ಏಳದೆ, ಬಾಯೊಂದರಿಂದಲೇ.