ಅನುಮಾನದ ಬ್ರೇಕ್ ಪ್ಯಾಡ್

“ಇದು ಬರೀ ಬ್ರೇಕ್ ಪ್ಯಾಡ್ ಅಲ್ಲ ಮೇದಿನಿ, ಬುದ್ಧಿ! ಬುದ್ಧಿಯನ್ನೇ ಅಚ್ಚು ಹಾಕಿ ತೆಗ್ದಿದೀನಿ!” ಎಂದರು ಮಾವ. ಅವರ ಅಂಗೈಯಲ್ಲಿ ಸೀದುಹೋದ ಹೋಳಿಗೆಯ ತುಂಡಿನಂಥದ್ದೊಂದು ಇತ್ತು.

ಭಾನುವಾರ ಬೆಳಿಗ್ಗೆ. ಮೈಸೂರಿನ ನಮ್ಮ ಮನೆಯ ಮುಂದೆ ನನ್ನ ಕಾರು ನಾಲ್ಕೂ ಚಕ್ರ ಕಳಚಿಕೊಂಡು ಇಟ್ಟಿಗೆಗಳ ಮೇಲೆ ಕೂತಿತ್ತು. ನಾನು ಹೊರಗೆ ಬಂದದ್ದು ಪೇಪರ್ ತಗೊಳ್ಳಲು ಮಾತ್ರ.

ಮಾವ ಶಿವರುದ್ರಯ್ಯನವರು ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡಿ ನಿವೃತ್ತರಾದವರು. ಆಮೇಲೆ ಅವರು ಕಂಡುಹಿಡಿದವುಗಳಲ್ಲಿ ಹಾಲು ಉಕ್ಕುವ ಮೊದಲೇ ಕೂಗಿ ಎಚ್ಚರಿಸುವ ಪಾತ್ರೆ ಮುಖ್ಯವಾದದ್ದು. ಅದು ಹಾಲು ಹಾಕುವ ಮೊದಲೇ ಕೂಗುತ್ತಿತ್ತು. ಹಾಗಾಗಿ ಮಾವನ ಬುದ್ಧಿಯ ಬಗ್ಗೆ ನನಗೆ ಗೌರವವಿದೆ; ಅವರು ಬುದ್ಧಿ ತುಂಬಿದ ವಸ್ತುಗಳ ಬಗ್ಗೆ ಅನುಮಾನವಿದೆ.

ವಿಷಯ ಇಷ್ಟೇ. ಮುಂದಿನ ಶನಿವಾರ ಊರಾಚೆಯ ರೇಸ್ ಟ್ರ್ಯಾಕಿನಲ್ಲಿ ಟ್ರ್ಯಾಕ್ ಡೇ ಇತ್ತು. ದಿನಾ ಆಫೀಸಿಗೆ ಓಡಿಸುವ ಕಾರನ್ನೇ ತಂದು, ಹೆಲ್ಮೆಟ್ ಹಾಕಿಕೊಂಡು, ಎದುರಿನಿಂದ ಯಾರೂ ಬರದ ರಸ್ತೆಯಲ್ಲಿ ಮನಸ್ಸಿಗೆ ಬಂದಷ್ಟು ಜೋರಾಗಿ ಓಡಿಸಬಹುದು. ನನ್ನ ಗಂಡ ನಿರಂಜನ ಇದ್ದಾಗ ಪ್ರತಿ ಸಲವೂ “ಮುಂದಿನ ವರ್ಷ ಹೋಗೋಣ” ಎನ್ನುತ್ತಿದ್ದ. ಮುಂದಿನ ವರ್ಷ ಬಂತು. ಅವನಿರಲಿಲ್ಲ. ನಾನು ನನ್ನ ಹೆಸರು ಕೊಟ್ಟೆ. ಒಂದು ಸುತ್ತು, ಎಲ್ಲೂ ನಿಲ್ಲದೆ, ಪೂರ್ತಿ ಓಡಿಸಬೇಕು. ನನಗೆ ಬೇರೇನೂ ಬೇಕಿರಲಿಲ್ಲ.

ಸಮಸ್ಯೆ ಬ್ರೇಕ್ ಪ್ಯಾಡಿನದು. ಊರಿನ ಮಾಮೂಲಿ ಪ್ಯಾಡ್ ಟ್ರ್ಯಾಕಿನಲ್ಲಿ ಕಾದರೆ ಹಿಡಿಯುವುದಿಲ್ಲ. ರೇಸಿನ ಪ್ಯಾಡ್ ಕಾಯುವವರೆಗೂ ಹಿಡಿಯುವುದಿಲ್ಲ. ಊರಲ್ಲಿ ಅದನ್ನು ಹಾಕಿಕೊಂಡು ಓಡಾಡಿದರೆ ಕಿರ್ರೆಂದು ಕಿರುಚಿ ಬೀದಿಯನ್ನೆಲ್ಲ ಎಬ್ಬಿಸುತ್ತದೆ. ಎರಡರ ಮಧ್ಯದ್ದೊಂದು ಹಾಕಿಸಿ ಎಂದು ಗ್ಯಾರೇಜಿನವರು ಹೇಳಿದ್ದರು. ನಾನೂ ಒಪ್ಪಿದ್ದೆ.

“ಮಧ್ಯದ್ದು!” ಮಾವ ಮೂಗು ಮುರಿದರು. “ಮಧ್ಯದ್ದು ಅಂದ್ರೆ ಎರಡೂ ಅಲ್ದೆ ಇರೋದು! ನಂದು ಎರಡೂ ಆಗಿರೋದು! ಒಳಗೆ ಒಂದು ಮಸಾಲೆ ಅರೆದು ತುಂಬಿದೀನಿ. ಕರೆಂಟ್ ಹರಿದ್ರೆ ಗಟ್ಟಿ, ನಿಂತ್ರೆ ಮೆತ್ತಗೆ. ಕನ್ನಡಿ ಹಿಂದೆ ಕ್ಯಾಮೆರಾ. ಮುಂದೆ ಏನಿದೆ ಅಂತ ನೋಡಿ, ಎಷ್ಟು ಹಿಡೀಬೇಕು ಅನ್ನೋದನ್ನ ಪ್ಯಾಡೇ ತೀರ್ಮಾನ ಮಾಡುತ್ತೆ!”

“ಹಾಗಾದ್ರೆ ನನ್ನ ಕಾಲು ಯಾಕೆ ಮಾವ?”

“ನಿನ್ನ ಕಾಲು ಅರ್ಜಿ ಹಾಕುತ್ತೆ. ಪ್ಯಾಡ್ ಮಂಜೂರು ಮಾಡುತ್ತೆ!”

ಪ್ರದರ್ಶನ ಶುರುವಾಯಿತು. ಹಳೆಯ ಗ್ರೈಂಡರಿನ ಮೋಟಾರಿಗೆ ಒಂದು ಕಬ್ಬಿಣದ ತಟ್ಟೆ ಸಿಕ್ಕಿಸಿ, ಅಂಚಿಗೆ ಪ್ಯಾಡ್ ಹಿಡಿಸಿದ್ದರು. ಕ್ಯಾಮೆರಾ ಗೇಟಿನ ಕಡೆ ನೋಡುತ್ತಿತ್ತು. ತಟ್ಟೆ ಗಿರ್ರನೆ ತಿರುಗಿತು. ಮಾವ ಆಟದ ಲಾರಿಯನ್ನು ಕ್ಯಾಮೆರಾದ ಮುಂದೆ ಹಿಡಿದರು. ಗಕ್! ನಿಂತಿತು. ಪ್ಲಾಸ್ಟಿಕ್ ಹಸು ಹಿಡಿದರು. ಗಕ್!

ಅಷ್ಟರಲ್ಲಿ ಎದುರುಮನೆಯ ವಿಮಲಾಕ್ಷಮ್ಮ ಹಾಲಿನ ಪ್ಯಾಕೆಟ್ ಹಿಡಿದು ಗೇಟಿನ ಮುಂದೆ ಹಾದುಹೋದರು. ತಟ್ಟೆ ಗಕ್ಕೆಂದು ನಿಂತಿದ್ದು, ಅವರು ಮರೆಯಾಗುವವರೆಗೂ ಅಲುಗಲಿಲ್ಲ.

“ಮಾವ, ಅವರೇನು ಲಾರಿನಾ?”

“ಸೂಕ್ಷ್ಮ ಕಣಮ್ಮ! ಬಹಳ ಸೂಕ್ಷ್ಮ ಇದು!” ಮಾವ ಹಣೆಯ ಬೆವರು ಒರೆಸಿಕೊಂಡರು.

“ಹಳೇ ಪ್ಯಾಡ್‌ಗಳನ್ನ ಇಟ್ಟಿದೀರಲ್ಲ?”

“ಅವನ್ನ ರಾತ್ರಿನೇ ಬಿಚ್ಚಿ ಪುಡಿ ಮಾಡಿ ಅಲ್ವೇ ಇವನ್ನ ಮಾಡಿದ್ದು!”

ಅಡುಗೆಮನೆಯಿಂದ ಅತ್ತೆ ಒಂದು ಮಾತೂ ಆಡಲಿಲ್ಲ. ಗಂಡ ಕಾರಿನ ಚಕ್ರ ಬಿಚ್ಚಿದರೂ ಸರ್ವಮಂಗಳಮ್ಮನವರು ಸುಮ್ಮನಿದ್ದಾರೆ ಎಂದರೆ ಏನೋ ಇದೆ. ಟ್ರ್ಯಾಕ್ ಡೇ ಹೆಸರೆತ್ತಿದಾಗಿನಿಂದ ಅವರು ನನ್ನ ಜೊತೆ ಮುಖ ಕೊಟ್ಟು ಮಾತಾಡಿರಲಿಲ್ಲ.

*

ಸೋಮವಾರ ಕೆಲಸಕ್ಕೆ ಹೊರಟೆ. ರಸ್ತೆಯ ಉಬ್ಬು ಬಂದಾಗ ಪ್ಯಾಡ್ ತಾನಾಗಿ ಹಿಡಿಯಿತು. ಲಾರಿ ಬಂದಾಗಲೂ ಹಿಡಿಯಿತು. ಪರವಾಗಿಲ್ಲವೇ ಎನ್ನಿಸುವಷ್ಟರಲ್ಲಿ ಗಣಪತಿ ಗುಡಿ ಬಂತು. ಕಾರು ಭಕ್ತಿಯಿಂದ ನಿಧಾನವಾಯಿತು. ಮಾರಮ್ಮನ ಗುಡಿಯ ಮುಂದೆಯೂ ಹಾಗೆಯೇ. ಪ್ಯಾಡಿಗೆ ದೇವರುಗಳಲ್ಲಿ ಭೇದವಿರಲಿಲ್ಲ.

ಸೀರೆ ಅಂಗಡಿಯ ಮುಂದೆ ‘ಭಾರಿ ರಿಯಾಯಿತಿ’ ಎಂಬ ಬೋರ್ಡು ಕಂಡದ್ದೇ ತಡ, ಪೂರ್ತಿ ನಿಂತುಬಿಟ್ಟಿತು! ಆಕ್ಸಿಲರೇಟರ್ ತುಳಿದರೆ ಎಂಜಿನ್ ಅರಚಿತೇ ಹೊರತು ಚಕ್ರ ಅಲುಗಲಿಲ್ಲ.

“ಮೇಡಂ, ಸೀರೆ ತಗೊಳೋದಾದ್ರೆ ಗಾಡಿ ಸೈಡಿಗಾಕಿ!” ಎಂದು ಹಿಂದಿನ ಆಟೋದವನು ಕೂಗಿದ. ನಾನು ಕೈಯಿಂದ ಕ್ಯಾಮೆರಾ ಮುಚ್ಚಿದೆ. ಕಾರು ಒಲ್ಲದ ಮನಸ್ಸಿನಿಂದ ಹೊರಟಿತು.

ನಿರಂಜನ ಕೊನೆಗೆ ಇದ್ದ ಆಸ್ಪತ್ರೆಯ ತಿರುವಿನಲ್ಲಿ ಮತ್ತೆ ನಿಂತಿತು. ಅಲ್ಲಿ ಉಬ್ಬಿಲ್ಲ, ಗುಡಿಯಿಲ್ಲ, ಅಂಗಡಿಯಿಲ್ಲ. ಬಹಳ ಹೊತ್ತು ನಿಂತಿತ್ತು. ನಾನೂ ಅವಸರ ಮಾಡಲಿಲ್ಲ.

ಆಫೀಸಿನ ನೆರಳಿನಲ್ಲಿ ಕಾರು ನಿಲ್ಲಿಸಿ ಯೋಚಿಸಿದೆ. ಲಾರಿಗೆ ಹೆದರುವ ಪ್ಯಾಡ್ ಇರಬಹುದು. ಆದರೆ ವಿಮಲಾಕ್ಷಮ್ಮನವರನ್ನು ಕಂಡರಾಗದ, ರಿಯಾಯಿತಿ ಕಂಡರೆ ಬಿಡದ ಪ್ಯಾಡ್? ಇದು ನನಗೆ ಪರಿಚಯದ ಸ್ವಭಾವ!

ಪಕ್ಕದ ಸೀಟಿನ ಮುಂದಿದ್ದ ಮ್ಯಾಟ್ ಎತ್ತಿದೆ. ಕೆಳಗೆ ಒಂದು ಸ್ಟೀಲ್ ತಗಡು. ತಗಡಿನಿಂದ ಒಂದು ವೈರು.

ಅತ್ತೆಗೆ ಕಾರು ಓಡಿಸಲು ಬರುವುದಿಲ್ಲ. ಆದರೆ ಪಕ್ಕದಲ್ಲಿ ಕೂತರೆ ಅವರಿಗೂ ಒಂದು ಬ್ರೇಕ್ ಇರುತ್ತದೆ. ಎದುರಿಗೆ ಏನೇ ಬಂದರೂ “ನಿಧಾನ, ನಿಧಾನ” ಎನ್ನುತ್ತ ಬಲಗಾಲಿನಿಂದ ಕಾರಿನ ನೆಲವನ್ನು ಒತ್ತುತ್ತಾರೆ. ಗುಡಿ ಕಂಡರೆ ಕೈ ಮುಗಿಯುತ್ತ ಒತ್ತುತ್ತಾರೆ. ಮದುವೆಯಾದಾಗಿನಿಂದ ಮಾವ ಓಡಿಸಿದ ಒಂದೊಂದು ಗಾಡಿಯನ್ನೂ ಅತ್ತೆ ನಿಲ್ಲಿಸಿದ್ದಾರೆ.

*

“ಅತ್ತೆ ಕಾಲಿಂದ ಪಾಠ ಹೇಳಿಸಿದೀರಾ ಪ್ಯಾಡಿಗೆ!” ಸಂಜೆ ಚಪ್ಪಲಿಯನ್ನೂ ಬಿಡದೆ ಕೇಳಿದೆ.

“ಮತ್ತಿನ್ಯಾರ ಕಾಲಿಂದ ಹೇಳಿಸ್ಲಿ?” ಮಾವನಿಗೆ ನಾಚಿಕೆಯೇ ಇಲ್ಲ. “ನೀನು ದಿನಕ್ಕೆ ಹತ್ತು ಸಲ ಬ್ರೇಕ್ ಹಾಕ್ತೀಯ. ಇವಳು ಒಂದು ಬೀದಿಗೆ ನಲವತ್ತು ಸಲ! ಇಷ್ಟು ಅನುಭವ ಇರೋರು ಈ ರಾಜ್ಯದಲ್ಲೇ ಯಾರೂ ಇಲ್ಲ!”

“ಏನ್ರೀ ಅದು?” ಅತ್ತೆ ಸೌಟು ಹಿಡಿದೇ ಹೊರಬಂದರು. “ತರಕಾರಿ ತರೋಕೆ ಅಂತ ತಿಂಗಳೆಲ್ಲ ಕಾರಲ್ಲಿ ಕೂರಿಸ್ಕೊಂಡು ಸುತ್ತಿಸಿದ್ದು ಇದಕ್ಕಾ? ನಾನು ಪ್ರೀತಿ ಅನ್ಕೊಂಡಿದ್ದೆ!”

“ಪ್ರೀತಿನೂ ಇತ್ತು ಮಂಗಳಾ...”

“ಸುಮ್ನಿರಿ!”

ನನ್ನ ಅನುಮಾನ ಇನ್ನೂ ಕರಗಿರಲಿಲ್ಲ. “ನಾನು ಟ್ರ್ಯಾಕಿಗೆ ಹೋಗಬಾರದು ಅಂತ ಇಬ್ಬರೂ ಸೇರಿ ಮಾಡಿದ್ದಲ್ಲ ತಾನೇ?”

ಅತ್ತೆ ನನ್ನ ಕಡೆ ತಿರುಗಿದರು. ಎಷ್ಟೋ ದಿನದ ಮೇಲೆ ಮುಖ ನೋಡಿದರು.

“ನೀನು ಹೋಗೋದು ನಂಗಿಷ್ಟ ಇಲ್ಲ ಮೇದಿನಿ. ಅದನ್ನ ಮುಖದ ಮೇಲೇ ಹೇಳ್ತೀನಿ. ಪ್ಯಾಡಿಗೆ ಹೇಳಿಕೊಟ್ಟು ಆಡಿಸಲ್ಲ.”

ಟ್ರ್ಯಾಕಿನಲ್ಲಿ ಗುಡಿಯೂ ಇಲ್ಲ, ಸೀರೆ ಅಂಗಡಿಯೂ ಇಲ್ಲ, ಹೆದರಲು ಅಲ್ಲೇನಿದೆ ಎಂದರು ಮಾವ. ನಂಬುವುದು ಬೇಡವೆನಿಸಿತು. ಆದರೆ ನನ್ನ ಕಾರಿಗಾಗುವ ಬೇರೆ ಪ್ಯಾಡ್ ಆ ವಾರ ಊರಲ್ಲೆಲ್ಲೂ ಸಿಗಲಿಲ್ಲ.

*

ಶನಿವಾರ ಮೂವರೂ ಹೋದೆವು. ಮಾವ ಪರಿಶೀಲನೆಗೆ, ಅತ್ತೆ ಚಿತ್ರಾನ್ನದ ಡಬ್ಬಿ ಹಿಡಿದು, “ಸುಮ್ನೆ” ಎಂದು.

ಟ್ರ್ಯಾಕಿನಲ್ಲಿ ಹೆದರಲು ಏನಿದೆ ಎಂಬುದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಎಲ್ಲವೂ ಇತ್ತು! ಇಬ್ಬರೂ ಇಳಿದ ಮೇಲೆ ನಾನು ಹೆಲ್ಮೆಟ್ ಹಾಕಿಕೊಂಡು ಹಸಿರು ಬಾವುಟ ನೋಡಿ ಕ್ಲಚ್ ಬಿಟ್ಟೆ. ಪ್ಯಾಡ್‌ಗಳೂ ಬಾವುಟ ನೋಡಿದವು. ಗಕ್! ಕಿತ್ತಳೆ ಬಣ್ಣದ ಕೋನ್ ನೋಡಿದವು. ಗಕ್! ಯಾವುದೋ ಕೆಂಪು ಕಾರು ಪಕ್ಕದಲ್ಲಿ ಭರ್ರೆಂದು ಹೋಯಿತು. ಅಷ್ಟೇ, ನಾಲ್ಕೂ ಚಕ್ರ ಕಲ್ಲಾದವು. ಈ ಸಲ ಕ್ಯಾಮೆರಾ ಮುಚ್ಚಿದರೂ ಬಿಡಲಿಲ್ಲ, ಕತ್ತಲೆಗೂ ಹೆದರಿದವು.

ಟ್ರ್ಯಾಕ್ ನೋಡಿಕೊಳ್ಳುವ ಮಾರ್ಷಲ್ ಓಡಿ ಬಂದ. “ಮೇಡಂ, ನಿಮ್ಮ ಸರದಿ ಮುಗಿಯೋಕೆ ಬಂತು. ಈಗ ಹೊರಡ್ಲಿಲ್ಲ ಅಂದ್ರೆ ಇವತ್ತಿಗೆ ಅಷ್ಟೇ.”

ಇವತ್ತಿಗೆ ಅಷ್ಟೇ ಎಂದರೆ ಮತ್ತೆ ಮುಂದಿನ ವರ್ಷ. ನಾನು ಮತ್ತೊಮ್ಮೆ ಆಕ್ಸಿಲರೇಟರ್ ತುಳಿದೆ.

ಮಾವ ಬೇಲಿಯಾಚೆಯಿಂದ ಕೂಗಿದರು: “ಮಂಗಳನ್ನ ಕೂರಿಸ್ಕೋ! ಸೀಟಿಗೆ ಅವಳ ತೂಕ ಗೊತ್ತು! ಗುರು ಎದುರಿಗಿದ್ರೆ ಶಿಷ್ಯ ಸ್ವಂತ ಬುದ್ಧಿ ಉಪಯೋಗಿಸಲ್ಲ! ಅವಳು ಒತ್ತಿದ್ರೆ ಮಾತ್ರ ಹಿಡಿಯುತ್ತೆ!”

“ನಾನಾ?” ಅತ್ತೆ ಡಬ್ಬಿಯನ್ನು ಎದೆಗೆ ಒತ್ತಿಕೊಂಡರು. ನನ್ನ ಮುಖ ನೋಡಿದರು. ಡಬ್ಬಿಯನ್ನು ಮಾವನ ಕೈಗೆ ತುರುಕಿ ನಡೆದು ಬಂದರು. ಯಾರೋ ಕೊಟ್ಟ ಹೆಲ್ಮೆಟ್ಟಿನೊಳಗೆ ಅವರ ವಿಭೂತಿ, ಕಣ್ಣು, ಒಂದು ಮೂಗುಬೊಟ್ಟು ಮಾತ್ರ ಕಾಣುತ್ತಿತ್ತು.

“ಒತ್ತಬಾರದು ತಾನೇ?” ಎಂದು ಕೇಳಿ, ನಾನು “ಒತ್ತಬಾರದು” ಎಂದ ಮೇಲೆ ಎರಡೂ ಕಾಲು ಸೀಟಿನ ಮೇಲೆತ್ತಿಕೊಂಡು ಚಕ್ಕಳಮಕ್ಕಳ ಹಾಕಿ ಕೂತರು.

ಕಾರು ಬಾಣದಂತೆ ಹೊರಟಿತು!

ಮೊದಲ ತಿರುವು ಸಲೀಸಾಗಿತ್ತು. ಆಮೇಲೆ ಉದ್ದನೆಯ ನೇರ ರಸ್ತೆ. ಗೇರ್ ಏರಿಸಿದೆ. ಕಿಟಕಿಯಾಚೆ ಹುಲ್ಲು ಹಸಿರು ಗೆರೆಯಾಯಿತು. ಕೊನೆಯಲ್ಲಿ ಬಲಕ್ಕೆ ಕಡಿದಾದ ತಿರುವು. ಬ್ರೇಕ್ ಒತ್ತಿದೆ.

ಏನೂ ಆಗಲಿಲ್ಲ.

ಮಾವ ಹೇಳಿದ್ದರ ಇನ್ನೊಂದು ಅರ್ಥ ಆಗ ಹೊಳೆಯಿತು. ಗುರು ಕಾಲೆತ್ತಿ ಕೂತರೆ ಶಿಷ್ಯ ಹಿಡಿಯುವುದೇ ಇಲ್ಲ!

“ಅತ್ತೆ! ಕಾಲು ಕೆಳಗೆ!”

“ಒತ್ತಬಾರದು ಅಂದ್ಯಲ್ಲೇ!”

“ಒತ್ತಿ! ಒತ್ತಿ ಅತ್ತೆ!”

ಟೈರಿನ ಗೋಡೆ ನಮ್ಮ ಕಡೆಗೆ ನಡೆದು ಬರುತ್ತಿತ್ತು. ಅತ್ತೆ ಸೀರೆ ಕೊಡವಿ ಕಾಲು ಇಳಿಸಿದರು. ಒತ್ತಿದರು. ಕಾರು ಮೂಗು ತಗ್ಗಿಸಿ, ಹೇಳಿದ ಮಾತು ಕೇಳುವ ಮಗುವಿನಂತೆ ನಿಧಾನವಾಯಿತು. ತಿರುವಿನಲ್ಲಿ ಅತ್ತೆ ಕಾಲನ್ನು ಸ್ವಲ್ಪ ಸ್ವಲ್ಪವಾಗಿ ಎತ್ತಿದರು. ನಾನು ತಿರುಗಿಸಿದೆ. ದಾಟಿದೆವು.



“ಇಷ್ಟು ವರ್ಷ ಒತ್ತಿದೀನಿ ಮೇದಿನಿ,” ಎಂದರು ಅತ್ತೆ. “ಒಂದ್ಸಲನೂ ಏನೂ ನಿಂತಿರ್ಲಿಲ್ಲ.”

ಮುಂದಿನ ತಿರುವಿಗೆ ನಾನು “ಈಗ” ಎಂದೆ. ಅವರು, “ಇರು, ಇನ್ನೂ ಜಾಗ ಇದೆ” ಎಂದರು. ನಿಜವಾಗಿಯೂ ಇತ್ತು. ಅದರ ಮುಂದಿನದಕ್ಕೆ ನಾನು ಏನೂ ಹೇಳಲಿಲ್ಲ. ಒಂದು ಸುತ್ತು ಮುಗಿಯಿತು, ಎಲ್ಲೂ ನಿಲ್ಲದೆ, ಪೂರ್ತಿ. ಎರಡನೆಯ ಸುತ್ತಿನಲ್ಲಿ ಅತ್ತೆ “ಯಾಕೆ ಇಷ್ಟು ನಿಧಾನ?” ಎಂದು ಕೇಳಿದರು. ಆ ಕೆಂಪು ಕಾರನ್ನು ಹಿಂದೆ ಹಾಕಿದಾಗ ಅವರು ಅದರ ಚಾಲಕನಿಗೆ ಕೈ ಮುಗಿದದ್ದು ಭಕ್ತಿಯಿಂದ ಅಲ್ಲ ಎಂದು ನನಗೆ ಈಗಲೂ ಅನುಮಾನ.

ಪ್ಯಾಡ್‌ಗಳು ಕಾದು ಕೆಂಡವಾದವು. ಮಾವನ ಮಸಾಲೆ ಬೆಂದು, ಹಿಂದೆ ಒಗ್ಗರಣೆಯ ಹೊಗೆ ಎದ್ದಿತು. ಟ್ರ್ಯಾಕಿನ ತುಂಬ ಇಂಗಿನ ವಾಸನೆ!

ಸರದಿ ಮುಗಿಯಿತೆಂದು ಚೌಕುಳಿ ಬಾವುಟ ಬೀಸಿದರು. ಎಲ್ಲ ಕಾರುಗಳೂ ಹೊರದಾರಿಗೆ ತಿರುಗಿದವು. ನಾವೂ ತಿರುಗಬೇಕು ಎನ್ನುವಾಗ ಕಾರು ಗಕ್ಕೆಂದು ನಿಂತಿತು. ಸರಿಯಾಗಿ ಗೇಟಿಗೆ ಅಡ್ಡ. ಹಿಂದೆ ಹಾರ್ನುಗಳ ಸಾಲು.

ಮಾವ ಡಬ್ಬಿ ಹಿಡಿದೇ ಓಡಿಬಂದು ಚಕ್ರದ ಪಕ್ಕ ಮಲಗಿ ಇಣುಕಿದರು. “ಕಚ್ಕೊಂಡ್ಬಿಟ್ಟಿದೆ! ಬಿಡ್ತಾನೇ ಇಲ್ಲ! ಕಾವಿನ ಲೆಕ್ಕದಲ್ಲಿ ಎಲ್ಲೋ ತಪ್ಪಿದೀನಿ ಮೇದಿನಿ!”

ನಾನು ಪಕ್ಕಕ್ಕೆ ನೋಡಿದೆ. ಅತ್ತೆ ಹೆಲ್ಮೆಟ್ ಹಾಕಿಕೊಂಡೇ, ಏನೂ ಗೊತ್ತಿಲ್ಲದವರಂತೆ ನೆಟ್ಟಗೆ ಮುಂದೆ ನೋಡುತ್ತಿದ್ದರು. ಕೆಳಗೆ ಅವರ ಎರಡೂ ಪಾದ ತಗಡಿನ ಮೇಲೆ ಬಲವಾಗಿ ಊರಿದ್ದವು.

ಕಿಟಕಿಯಿಂದ ತಲೆ ಹೊರಗೆ ಹಾಕಿದೆ.

“ಪ್ಯಾಡೇ ಕೆಟ್ಟಿರಬೇಕು ಮಾವ,” ಎಂದೆ. “ಇನ್ನೊಂದೆರಡು ಸುತ್ತು ಓಡಿಸಿ ನೋಡಿದ್ರೆ ಸರಿಯಾಗಿ ಗೊತ್ತಾಗುತ್ತೆ.”