ಸೇಬಿನ ಮರಕ್ಕೆ ಒಂದು ವಾರದ ಕಡುಚಳಿ ಮಂಜೂರು ಮಾಡುವ ಕುರಿತು

ಇಂದ:
ತೈಸಿಯಾ ಪ್ರೊಕೋಪ್ಯೆವ್ನಾ ಶುಬಿನಾ,
ಹಿರಿಯ ಸಹಾಯಕಿ, ಸೇಬು ವಿಭಾಗ,
ಹಣ್ಣಿನ ತಳಿ ಪರೀಕ್ಷಾ ಕೇಂದ್ರ, ವೆರ್ಖ್ನಿ ಲೋಗ್,
ಅಲ್ತಾಯ್ ಸೀಮೆ, ಸೈಬೀರಿಯಾ.

ಗೆ:
ಮಾನ್ಯ ಚಳಿಗಾಲದವರು,
ಪ್ರಧಾನ ಕಚೇರಿ, ಉತ್ತರ ದಿಕ್ಕು.

ವಿಷಯ: ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯನ್ನು ಒಂದು ವಾರದ ಮಟ್ಟಿಗೆ ದಯಪಾಲಿಸುವ ಬಗ್ಗೆ.

ಉಲ್ಲೇಖ: 1. ತಳಿ ನೋಂದಣಿ ಆಯೋಗದ ಕೊನೆಯ ಎಚ್ಚರಿಕೆ ಪತ್ರ.
2. ಕೆಲವು ವರ್ಷಗಳಿಂದ ತಾವು ಕೆಲಸಕ್ಕೆ ಸರಿಯಾಗಿ ಹಾಜರಾಗದೇ ಇರುವುದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನನ್ನ ಬುದ್ಧಿ ನೆಟ್ಟಗಿದೆ ಎಂದು ಮೊದಲಿಗೇ ದೃಢೀಕರಿಸುತ್ತೇನೆ. ಚಳಿ ಬೇಡವೆಂಬ ಅರ್ಜಿಗಳು ತಮ್ಮಲ್ಲಿ ರಾಶಿ ಬಿದ್ದಿರಬಹುದು. ಬೇಕೆಂದು ಬಂದದ್ದು ಇದೊಂದೇ ಇದ್ದೀತು. ಕಾರಣ, ಇದನ್ನು ರಾಶಿಯ ಮೇಲಿಡಬೇಕಾಗಿ ಕೋರಿಕೆ.

1. ಸದರಿ ಮರದ ತಾಯಿ ನಮ್ಮ ಸೀಮೆಯ ಕಾಡುಸೇಬು. ಹಣ್ಣು ಗೋಲಿಯಷ್ಟು, ಬಾಯಿಗಿಟ್ಟರೆ ಮುಖ ಕಿವುಚುವಷ್ಟು ಹುಳಿ. ಆದರೆ ತಾವು ಎಷ್ಟೇ ಕೊರೆದರೂ ಕ್ಯಾರೇ ಅನ್ನದ ಜಾತಿ. ತಂದೆ ದಕ್ಷಿಣದ ದಪ್ಪ ಸಿಹಿ ಸೇಬು, ಇಲ್ಲಿನ ಮೊದಲ ಚಳಿಗೇ ಕಣ್ಣು ಮುಚ್ಚುವವನು. ಕುಂಚದಲ್ಲಿ ಪರಾಗ ಹಚ್ಚಿ ಈ ಸಂಬಂಧ ಕುದುರಿಸಿದವರು ನನ್ನ ಪತಿ ಸ್ತೆಪಾನ್. ಹುಟ್ಟಿದ ಸಸಿಗಳಲ್ಲಿ ಬಹುಪಾಲು ಅಪ್ಪನ ನಾಜೂಕನ್ನೂ ಅಮ್ಮನ ಹುಳಿಯನ್ನೂ ಹೊತ್ತು ಬಂದವು. ಒಂದಕ್ಕೆ ಮಾತ್ರ ಅಮ್ಮನ ಗಟ್ಟಿತನ, ಅಪ್ಪನ ಸಿಹಿ ಎರಡೂ ಬಂದಂತಿದೆ. ಅದು ಹಣ್ಣು ಬಿಡುವ ಮೊದಲೇ ಸ್ತೆಪಾನ್ ತೀರಿಕೊಂಡರು. ಅವರು ಒಂದು ತುಂಡನ್ನೂ ತಿನ್ನಲಿಲ್ಲ ಎಂಬುದು ನನಗೆ ಇವತ್ತಿಗೂ ಸಂಕಟ.

2. 'ಬಂದಂತಿದೆ' ಎಂದೆ, 'ಬಂದಿದೆ' ಎನ್ನಲು ಆಯೋಗ ಬಿಡುವುದಿಲ್ಲ. ನಗರದ ಪ್ರಯೋಗಾಲಯದವರು ಎಲೆ ಅರೆದು ಪರೀಕ್ಷಿಸಿ, ಚಳಿ ತಡೆಯುವ ವಂಶವಾಹಿಗಳು ತಾಯಿಯಿಂದ ಇಳಿದಿವೆ ಎಂದು ಬರೆದುಕೊಟ್ಟಿದ್ದಾರೆ. ಅದನ್ನು ತೋರಿಸಿದರೆ ಆಯೋಗದ ಅಧಿಕಾರಿ ನಕ್ಕರು. "ನಮ್ಮಪ್ಪ ಅಕಾರ್ಡಿಯನ್ ನುಡಿಸ್ತಿದ್ದರು ತಾಯಿ, ನನಗೆ ಸೀಟಿ ಹಾಕಕ್ಕೂ ಬರಲ್ಲ. ಚಳಿಗೆ ನಿಲ್ಸಿ ತೋರ್ಸಿ," ಎಂದರು.

3. ಕೃತಕ ಚಳಿ ಕೊಟ್ಟು ರೆಂಬೆ ಪರೀಕ್ಷಿಸುವ ಪೆಟ್ಟಿಗೆ ನಮ್ಮ ಕೇಂದ್ರದಲ್ಲಿದೆ. ಸದ್ಯ ಅದರಲ್ಲಿ ನಿರ್ದೇಶಕರ ಮನೆಯ ಪೆಲ್ಮೆನಿ ಕಡುಬುಗಳಿವೆ. ತೆರವುಗೊಳಿಸಲು ಕೋರಿದ್ದಕ್ಕೆ, 'ಹೊಸ ವರ್ಷದ ಊಟ ಮುಗಿಯಲಿ' ಎಂದು ಹಿಂಬರಹ ಬಂದಿದೆ.

4. ತಾವು ಒಮ್ಮೆ ಸರಿಯಾಗಿಯೇ ಬಂದಿದ್ದಿರಿ, ಸುಳ್ಳು ಹೇಳಲಾರೆ. ಆ ವರ್ಷ ಊರಿನ ನೀರಿನ ಪೈಪುಗಳೆಲ್ಲ ಸಿಡಿದವು. ನಾನು ಖುಷಿಯಿಂದ ತೋಟಕ್ಕೆ ಓಡಿದರೆ ಮರವೇ ಕಾಣಿಸಲಿಲ್ಲ. ನಮ್ಮ ಕಡೆ ಹಿತ್ತಿಲ ಸೇಬನ್ನು ಎಳೆಯದಾಗಿರುವಾಗಲೇ ನೆಲಕ್ಕೆ ಬಾಗಿಸಿ, ಚಳಿಗಾಲದಲ್ಲಿ ಹಿಮ ಹೊದಿಸಿ ಮಲಗಿಸುತ್ತಾರೆ. ಹಿಮದಡಿ ಅದು ಬೆಚ್ಚಗಿರುತ್ತದೆ. ಎಂಬತ್ತು ದಾಟಿದ ನಮ್ಮ ಅತ್ತೆ ಫ್ಯೋಕ್ಲಾ ಇವಾನೊವ್ನಾ ಅದೇ ಉಪಚಾರವನ್ನು ಪರೀಕ್ಷೆಗೆ ಬಿಟ್ಟ ಮರಕ್ಕೂ ಮಾಡಿದ್ದರು. ಆಗಿನ್ನೂ ಬಳುಕುತ್ತಿದ್ದ ಕಾಂಡಕ್ಕೆ ಹಗ್ಗ ಬಿಗಿದು ಬಗ್ಗಿಸಿ, ಮೇಲೆ ಸಲಿಕೆಯಲ್ಲಿ ಹಿಮದ ಗುಡ್ಡೆ ಹಾಕಿದ್ದರು.

"ನನ್ನ ಮಗ ಬೆಳೆಸಿದ್ದು ಬಯಲಲ್ಲಿ ನಡುಗ್ತಾ ನಿಂತಿದ್ರೆ ನಾನು ಒಲೆ ಪಕ್ಕ ಕಾಲು ಚಾಚ್ಕೊಂಡು ಮಲಗ್ಲಾ? ನೀನೇನು ಹೆಂಗಸೋ ಥರ್ಮಾಮೀಟರೋ?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

"ಅತ್ತೆ, ಅದು ಚಳಿ ತಿನ್ಲೇಬೇಕು. ಇಲ್ದಿದ್ರೆ ಸರ್ಟಿಫಿಕೇಟು ಕೊಡಲ್ಲ, ಕಡಿದು ಹಾಕ್ತಾರೆ."

"ಸರ್ಟಿಫಿಕೇಟು ಸತ್ಮೇಲೂ ಕೊಡ್ತಾರೆ ಕಣೇ. ನನ್ನ ಮಗ ಸ್ತ್ಯೋಪಾಗೂ ಕೊಟ್ರಲ್ಲ."

ಮರ ಬದುಕಿತು, ಆಯೋಗ ಆ ವರ್ಷದ ಫಲಿತಾಂಶವನ್ನು ರದ್ದುಪಡಿಸಿತು.

5. ಅಂದಿನಿಂದ ತಾವು ಮುಖ ತೋರಿಸಿ ಹೋಗುತ್ತಿದ್ದೀರಿ, ಅಷ್ಟೇ. ಫೆಬ್ರವರಿಯಲ್ಲೇ ಸೂರಿನಿಂದ ನೀರು ತೊಟ್ಟಿಕ್ಕುತ್ತದೆ. ಈ ಕಾಡುಸೇಬಿನ ವಂಶಕ್ಕೆ ಒಂದು ಪೆದ್ದುತನವಿದೆ: ಕಡುಚಳಿಗೆ ಜಗ್ಗುವುದಿಲ್ಲ, ಆದರೆ ನಾಲ್ಕು ದಿನ ಬಿಸಿಲು ಕಂಡರೆ ವಸಂತ ಬಂತೆಂದು ನಂಬಿ ಎಚ್ಚೆತ್ತುಬಿಡುತ್ತದೆ, ಆಮೇಲೆ ಸಣ್ಣ ಚಳಿಗೂ ಮೊಗ್ಗು ಸುಟ್ಟುಹೋಗುತ್ತದೆ. ಕಾರಣ, ತಮ್ಮ ಕ್ರೌರ್ಯಕ್ಕಿಂತ ತಮ್ಮ ಸೋಮಾರಿತನಕ್ಕೇ ನಾನು ಹೆಚ್ಚು ಹೆದರುತ್ತೇನೆ.

6. ಇದೇ ಕೊನೆಯ ಚಳಿಗಾಲ. ಈ ಸಲವೂ ಪರೀಕ್ಷೆ ಆಗದಿದ್ದರೆ ವಸಂತದಲ್ಲಿ ಆ ಸಾಲನ್ನು ಕಿತ್ತು ಎಲೆಕೋಸು ಹಾಕುವುದೆಂದು ತೀರ್ಮಾನವಾಗಿದೆ. ಒಂದು ಕಸಿ ಕಟ್ಟಿ ಹಿತ್ತಿಲಲ್ಲಿ ಮಲಗಿಸಿಕೊಳ್ಳಬಹುದು, ನಿಜ. ಆದರೆ ಸ್ತೆಪಾನ್ ಆಸೆಪಟ್ಟದ್ದು ಸೈಬೀರಿಯಾದ ಬಯಲಲ್ಲಿ ನೆಟ್ಟಗೆ ನಿಂತು ಸಿಹಿ ಹಣ್ಣು ಬಿಡುವ ಮರ. ಅಂಥದ್ದು ಇದೊಂದೇ ಇದೆ.

ಆದ್ದರಿಂದ, ಜನವರಿಯೊಳಗೆ ಒಂದು ವಾರ ತಾವು ಖುದ್ದಾಗಿ ಬಂದು, ಯಾವ ಮುಲಾಜೂ ಇಲ್ಲದೆ, ಸದರಿ ಮರವನ್ನು ಕೊರೆಯಬೇಕಾಗಿ ವಿನಂತಿಸುತ್ತೇನೆ. ಅತ್ತೆಯವರನ್ನು ಆ ವಾರ ಅವರ ತಂಗಿಯ ಮನೆಗೆ ಕಳಿಸಲಾಗುವುದು. ಮರ ಉಳಿದರೆ ತಳಿಗೆ ಸ್ತೆಪಾನ್ ಹೆಸರು. ಉಳಿಯದಿದ್ದರೆ ಏನೆಂದು ಬರೆಯಲು ಹೋಗಿ ಎರಡು ಹಾಳೆ ಹರಿದಿದ್ದೇನೆ. ಆ ಕಲಂ ಖಾಲಿ ಬಿಟ್ಟಿದೆ.

ಚಳಿಯಲ್ಲೂ ತಮ್ಮ ವಿಶ್ವಾಸಿ,
ತೈ. ಪ್ರೊ. ಶುಬಿನಾ

ಲಗತ್ತುಗಳು:
1. ಪ್ರಯೋಗಾಲಯದ ವರದಿ.
2. ಸದರಿ ಮರದ ಹಣ್ಣು, ಒಂದು. (ತಿಂದು ನೋಡಿ ಆಮೇಲೆ ಕೊರೆಯಿರಿ.)
3. ಅತ್ತೆಯವರ ತಕರಾರು. (ಬಾಯಿಮಾತಿನದು, ಇನ್ನೂ ಮುಗಿದಿಲ್ಲ, ಲಗತ್ತಿಸಲಾಗಿಲ್ಲ.)

ವಿ.ಸೂ.: ಹೊರಡುವ ಒಂದು ದಿನ ಮೊದಲು ನಮ್ಮ ಕಾವಲುಗಾರನಿಗೆ ತಿಳಿಸಬೇಕು. ತೋಟದ ಬೀಗದ ಕೈಯನ್ನು ಅವನು ನನ್ನಿಂದ ಇಸಿದುಕೊಳ್ಳಬೇಕು, ಮತ್ತು ವಾರ ಮುಗಿಯುವವರೆಗೆ ನಾನು ಎಷ್ಟೇ ಬೇಡಿಕೊಂಡರೂ ವಾಪಸು ಕೊಡಬಾರದು.